ಲೆಕ್ಕಕ್ಕೆ ಬಾರದ ಮಗು

ಬೆಳವಣಿಗೆಯನ್ನು ಕುರಿತು ಬಲ್ಲವನು ತಾನು ಬೆಳೆದಿರಲೇಬೇಕೆ? ಇದು ನಾನಾಗಿ ಹುಟ್ಟಿಸಿಕೊಂಡ ಪ್ರಶ್ನೆಯಲ್ಲ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಒಂದು ಭಾನುವಾರ ಬೆಳಗ್ಗೆ ಫೋನಿನಲ್ಲಿ ನನ್ನ ಮುಂದಿಟ್ಟದ್ದು.

ಆಕೆ ಇಲ್ಲಿ ಬಿ.ಎ. ಓದನ್ನು ಎರಡನೆಯ ವರ್ಷಕ್ಕೇ ನಿಲ್ಲಿಸಿ, ಮದುವೆಯಾಗಿ ಅಲ್ಲಿಗೆ ಹೋದವಳು. ಹಗಲು ಒಂದು ಶಿಶುಪಾಲನಾ ಕೇಂದ್ರದಲ್ಲಿ ಕೆಲಸ. ರಾತ್ರಿ ಮಗಳನ್ನು ಮಲಗಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಓದು. ಅಲ್ಲಿಯ ಒಂದು ವಿಶ್ವವಿದ್ಯಾನಿಲಯ ಆನ್‌ಲೈನ್ ಮೂಲಕ ನಡೆಸುವ ಪದವಿ ಅದು. ವಿಷಯ ಮಾನವ ವಿಕಾಸ. ಮನುಷ್ಯ ಗರ್ಭದಿಂದ ಮುಪ್ಪಿನವರೆಗೆ ದೇಹದಲ್ಲಿ, ಬುದ್ಧಿಯಲ್ಲಿ, ಭಾವದಲ್ಲಿ, ಸಂಬಂಧಗಳಲ್ಲಿ ಹೇಗೆ ಬೆಳೆಯುತ್ತಾನೆಂಬುದನ್ನು ಹೇಳುವ ಶಾಸ್ತ್ರ. ಪದವಿಗೆ 120 ಕ್ರೆಡಿಟ್ ಬೇಕು. ಆಕೆ ಅದನ್ನು ಚಿಲ್ಲರೆ ಕೂಡಿಸಿದಂತೆ ಕೂಡಿಸುತ್ತಿದ್ದಾಳೆ.

ಮೊದಲು ಇದನ್ನು ಕೇಳಿದಾಗ ನನಗೆ ನಗೆ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಮನುಷ್ಯನನ್ನು ಕುರಿತ ವಿದ್ಯೆಯನ್ನು ಮನುಷ್ಯರ ಮುಖ ಕಾಣದೆ ಕಲಿಯುವುದೇ? ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದವನಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ನಿಧಾನವಾಗಿ ಯೋಚಿಸಿದಾಗ ನನ್ನ ನಗೆ ಅಷ್ಟೇನೂ ವಿವೇಕದ್ದಲ್ಲವೆಂದು ತಿಳಿಯಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದ ಮೇಲೆ, ಗುರುವಿನ ಮುಖ ಕಾಣದೆ ಓದಿ ಒಳ್ಳೆಯ ಮೇಷ್ಟರಾದವರು ನಮ್ಮಲ್ಲಿ ಎಷ್ಟಿಲ್ಲ! ಪುಸ್ತಕವೆಂಬುದೂ ಒಂದು ಬಗೆಯ ದೂರವೇ ಅಲ್ಲವೆ? ಅದೂ ಅಲ್ಲದೆ, ಈ ಶಾಸ್ತ್ರದ ಮೊದಲ ಪಾಠಗಳು ಬರೆಯಲ್ಪಟ್ಟದ್ದು ತೊಟ್ಟಿಲ ಪಕ್ಕದಲ್ಲಿ. ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನ ಅಳು ನಗೆಗಳನ್ನು ಗುರುತು ಹಾಕಿಟ್ಟುಕೊಂಡು, 1877ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದ. ಪಿಯಾಜೆ ತನ್ನ ಮೂವರು ಮಕ್ಕಳ ಆಟವನ್ನು ನೋಡುತ್ತ ಬುದ್ಧಿಯ ಹುಟ್ಟನ್ನು ಕುರಿತು ಬರೆದ. ಮನೆಯಲ್ಲಿ ಹುಟ್ಟಿದ ವಿದ್ಯೆ ಈಗ ಪರದೆಯ ಮೂಲಕ ಮತ್ತೆ ಮನೆಗೆ ಬಂದಿದೆ, ಅಷ್ಟೆ. ಪಕ್ಕದ ಕೋಣೆಯಲ್ಲಿ ಮಗು ನಿದ್ದೆಯಲ್ಲಿ ಕನವರಿಸುವುದು ಕೇಳಿಸುವಷ್ಟು ಹತ್ತಿರದಲ್ಲಿ ಕುಳಿತು ಓದುವವಳನ್ನು ಮನುಷ್ಯರಿಂದ ದೂರವಿದ್ದಾಳೆ ಎನ್ನುವುದು ಹೇಗೆ?

ಇನ್ನು ಆಕೆಯ ಪ್ರಶ್ನೆಗೆ ಬರೋಣ. ಆ ವಾರದ ಪಾಠ ಎರಿಕ್ ಎರಿಕ್‌ಸನ್‌ನನ್ನು ಕುರಿತದ್ದು. ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆಯದೆ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾದ ಅಸಾಧಾರಣ ವ್ಯಕ್ತಿ. ಬಾಲ್ಯ ಮತ್ತು ಸಮಾಜವನ್ನು ಕುರಿತು 1950ರಲ್ಲಿ ಆತ ಬರೆದ ಗ್ರಂಥದಲ್ಲಿ ಮನುಷ್ಯನ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದ್ದಾನೆ. ಮೊದಲನೆಯ ಘಟ್ಟ ನಂಬಿಕೆಯದು. ಹಸಿದಾಗ ಹಾಲು, ಅತ್ತಾಗ ತೋಳು ತಪ್ಪದೆ ಒದಗಿದ ಕೂಸಿಗೆ ಈ ಜಗತ್ತು ನಂಬತಕ್ಕದ್ದೆಂಬ ಭಾವ ಬೇರೂರುತ್ತದೆ. ಮೇಲಿನ ಏಳು ಘಟ್ಟಗಳೂ ಈ ಬೇರಿನ ಮೇಲೆ ನಿಂತವು.

ಇದನ್ನೋದಿ ತಲೆದೂಗಿದ ಹುಡುಗಿ, ಆತನ ಜೀವನಚರಿತ್ರೆಯನ್ನೂ ತೆಗೆದು ನೋಡಿದಳು. 1999ರಲ್ಲಿ ಲಾರೆನ್ಸ್ ಫ್ರೀಡ್ಮನ್ ಬರೆದ ಆ ಚರಿತ್ರೆಯಿಂದ ಒಂದು ಸಂಗತಿ ಲೋಕಕ್ಕೆಲ್ಲ ತಿಳಿದಿದೆ. 1944ರಲ್ಲಿ ಎರಿಕ್‌ಸನ್ ದಂಪತಿಗಳಿಗೆ ನಾಲ್ಕನೆಯ ಮಗು ಹುಟ್ಟಿತು. ಹೆಸರು ನೀಲ್. ಇಂದು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿ ಆ ಮಗುವಿನದು. ಹೆತ್ತ ತಾಯಿ ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ಕೂಸನ್ನು ಒಂದು ಪಾಲನಾ ಸಂಸ್ಥೆಗೆ ಒಪ್ಪಿಸುವ ತೀರ್ಮಾನವಾಯಿತು. ಮನೆಯ ಮಕ್ಕಳಿಗೆ, ಕೂಸು ಹುಟ್ಟುವಾಗಲೇ ತೀರಿಕೊಂಡಿತೆಂದು ಹೇಳಲಾಯಿತು. ನೀಲ್ ಮಾತ್ರ ಇಪ್ಪತ್ತೊಂದು ವರ್ಷ ಬದುಕಿದ್ದು 1965ರಲ್ಲಿ ತೀರಿಕೊಂಡ. ನಂಬಿಕೆಯ ಘಟ್ಟವನ್ನು ಕುರಿತ ಆ ಪುಟಗಳು ಅಚ್ಚಾದಾಗ ಆ ಹುಡುಗನಿಗೆ ಆರು ವರ್ಷ.

“ಮಾಮ, ಇವನ ಮಾತನ್ನು ನಾನು ಹೇಗೆ ನಂಬಲಿ?” ಎಂದಳು.

ಅಧ್ಯಾಪಕನ ಜೋಳಿಗೆಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಕೃತಿ ಬೇರೆ, ಕರ್ತೃ ಬೇರೆ ಎಂದೆ.

“ನಿಮ್ಮ ಕಾವ್ಯಕ್ಕೆ ಅದು ಸರಿಹೋದೀತು. ಇದು ಕೂಸಿನ ವಿಷಯ. ನಾಳೆ ಬೆಳಗ್ಗೆ ನಾನು ಎತ್ತಿಕೊಳ್ಳೋ ಮಕ್ಕಳಲ್ಲಿ ಅಂಥದೇ ಒಂದಿದೆ” ಎಂದಳು.

ಕಾಲದ ಮಾತನ್ನು ಹೇಳಿದೆ. ಆಗ ಅಮೆರಿಕದ ವೈದ್ಯರೇ ಅಂಥ ಮಕ್ಕಳನ್ನು ಸಂಸ್ಥೆಗೆ ಸೇರಿಸುವಂತೆ ಸಲಹೆ ಕೊಡುತ್ತಿದ್ದರು. ಈ ಸ್ಥಿತಿಗೆ ಇಪ್ಪತ್ತೊಂದನೆಯ ವರ್ಣತಂತುವಿನ ಒಂದು ಪ್ರತಿ ಹೆಚ್ಚಾಗಿರುವುದೇ ಕಾರಣವೆಂದು ಗೊತ್ತಾದದ್ದು 1959ರಲ್ಲಿ. ಆಕೆ ಎಲ್ಲವನ್ನೂ ಕೇಳಿಕೊಂಡು, “ಸಂಸ್ಥೆಗೆ ಕಳಿಸಿದ್ದನ್ನು ಬೇಕಾದರೆ ಕ್ಷಮಿಸೇನು ಮಾಮ. ಇಲ್ಲವೇ ಇಲ್ಲ ಅಂದದ್ದನ್ನು ಹೇಗೆ ಕ್ಷಮಿಸಲಿ?” ಎಂದಳು. ನನಗೆ ಮಾತು ಹೊರಡಲಿಲ್ಲ.

ಹೊರಡದಿರುವುದಕ್ಕೆ ಕಾರಣವಿತ್ತು. ಬಾಲ್ಯದಲ್ಲಿ ಬೇಸಗೆಯ ರಜೆಗೆ ನಾವು ಹಾಸನದ ಕಡೆಯ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಹಿತ್ತಲ ಕೋಣೆಯಲ್ಲಿ ಒಬ್ಬ ಚಿಕ್ಕಮಾವನಿದ್ದ. ಮಾತು ಬಾರದು, ಬುದ್ಧಿ ಬೆಳೆದಿಲ್ಲವೆನ್ನುತ್ತಿದ್ದರು. ಅಜ್ಜಿ ಆತನಿಗೆ ಮೊದಲು ತುತ್ತಿಟ್ಟು ಆಮೇಲೆ ತಾನು ಉಣ್ಣುತ್ತಿದ್ದಳು. ಆ ಸೇವೆಯಲ್ಲಿ ಒಂದು ದಿನವೂ ಕುಂದಿರಲಿಲ್ಲ. ಆದರೆ ಹೆಣ್ಣು ನೋಡಲು ಬಂದವರೋ ದೂರದ ನೆಂಟರೋ “ಮಕ್ಕಳೆಷ್ಟು ತಾಯಿ?” ಎಂದು ಕೇಳಿದರೆ “ಐವರು” ಎನ್ನುತ್ತಿದ್ದಳು. ಚಿಕ್ಕಮಾವನನ್ನು ಸೇರಿಸಿದರೆ ಆರು. ಆ ಲೆಕ್ಕ ತಪ್ಪೆಂದು ನಾವು ಮಕ್ಕಳು ಯಾರೂ ಹೇಳಲಿಲ್ಲ. ಅವರು ಕೂಸನ್ನು ದೂರವಿಟ್ಟರು. ನಾವು ಮನೆಯೊಳಗಿಟ್ಟುಕೊಂಡೇ ಲೆಕ್ಕದಿಂದ ತೆಗೆದೆವು. ಹೆಮ್ಮೆಪಡುವುದಕ್ಕೆ ನಮಗೇನೂ ಉಳಿದಿಲ್ಲ.

ಆಗ ನನಗೊಂದು ಮಾತು ಹೊಳೆಯಿತು. 1918ರ ಅಹಮದಾಬಾದಿನ ಗಿರಣಿ ಮುಷ್ಕರವನ್ನು ಹಿಡಿದು ಎರಿಕ್‌ಸನ್ ಗಾಂಧೀಜಿಯವರ ಮೇಲೊಂದು ಗ್ರಂಥ ಬರೆದಿದ್ದಾನೆ. ಅದು ಪ್ರಕಟವಾದದ್ದು 1969ರಲ್ಲಿ, ನೀಲ್ ತೀರಿಕೊಂಡ ನಾಲ್ಕು ವರ್ಷದ ಮೇಲೆ. ಅದರ ನಡುವೆ ಬರವಣಿಗೆಯನ್ನು ತಡೆದು, ಬದುಕಿಲ್ಲದ ಗಾಂಧೀಜಿಗೇ ಒಂದು ಪತ್ರ ಬರೆಯುತ್ತಾನೆ. ಸತ್ಯ ಅಹಿಂಸೆಗಳನ್ನು ಲೋಕಕ್ಕೆ ಬೋಧಿಸಿದ ನೀವು ಸ್ವಂತ ಮನೆಯವರ ಮೇಲೆ ಕಠಿಣರಾದದ್ದು ಹೇಗೆ ಎಂಬುದು ಅದರ ಒಂದು ಮುಖ್ಯ ಕೊರಗು. ಆತ ಗಾಂಧೀಜಿಯನ್ನು ಕೇಳಿದ್ದನ್ನೇ ಈಗ ಈ ಹುಡುಗಿ ಆತನನ್ನು ಕೇಳುತ್ತಿದ್ದಾಳೆ. ಆ ಪತ್ರ ಬರೆದವನಿಗೆ ತನ್ನ ಮನೆಯ ನೆನಪಾಗಿರಲಿಲ್ಲವೆಂದು ನಾನು ನಂಬಲಾರೆ.

ಹಾಗಾದರೆ ಆತನ ಶಾಸ್ತ್ರದ ಗತಿಯೇನು? ಹುಡುಗಿಯ ಕೋಪವೇ ಇದಕ್ಕೆ ಅರ್ಧ ಉತ್ತರವೆಂದು ನನ್ನ ಎಣಿಕೆ. ಕೂಸಿನ ನಂಬಿಕೆ ಎಂಥ ದೊಡ್ಡ ವಸ್ತುವೆಂದು ಆಕೆಗೆ ಹೇಳಿಕೊಟ್ಟವನು ಯಾರು? ಎರಿಕ್‌ಸನ್ನೇ. ಆತ ಕೊಟ್ಟ ಅಳತೆಗೋಲಿನಿಂದಲೇ ಆಕೆ ಆತನನ್ನು ಅಳೆದಳು. ಕೋಲು ಸುಳ್ಳಾಗಿದ್ದರೆ ಆತನ ಕೊರತೆಯೂ ಆಕೆಗೆ ಕಾಣುತ್ತಿರಲಿಲ್ಲ. ಹೇಳಿದವನು ನಡೆಯಲಾರದೆ ಹೋದದ್ದರಿಂದ ಹೇಳಿದ್ದು ಸುಳ್ಳಾಗಲಿಲ್ಲ. ನಡೆಯುವ ಹೊಣೆ ಓದಿದವರಿಗೆ ವರ್ಗವಾಯಿತು.

ಉಳಿದರ್ಧ ಇನ್ನೂ ಕಷ್ಟದ್ದು. ಘಟ್ಟಗಳನ್ನು ಕುರಿತ ಯಾವ ವಿದ್ಯೆಯೂ ಏಣಿಯಂಥದು. ಇಷ್ಟು ತಿಂಗಳಿಗೆ ಕೂರಬೇಕು, ಇಷ್ಟಕ್ಕೆ ನುಡಿಯಬೇಕು ಎಂಬ ಪಟ್ಟಿಯಿಂದ ಉಪಕಾರವಿದೆ; ಕಿವಿ ಕೇಳದ ಮಗುವನ್ನು ಬೇಗ ಗುರುತಿಸಲು ಅದು ಬೇಕು. ಆದರೆ ಏಣಿಯನ್ನೇ ನೋಡುವ ಕಣ್ಣಿಗೆ, ಕೆಳಗಿನ ಮೆಟ್ಟಿಲಲ್ಲೇ ಕುಳಿತವನು ಕ್ರಮೇಣ ಕಾಣದಾಗುತ್ತಾನೆ. ಅಳೆಯುವ ಮೊದಲು ಎಣಿಸಬೇಕು. ಈ ಪಾಠವನ್ನು ಪರದೆಯಾಗಲಿ ನನ್ನಂಥ ಮೇಷ್ಟರಾಗಲಿ ಕಲಿಸಿಕೊಡುವುದು ಕಷ್ಟ.

ಹುಡುಗಿ ಓದು ಬಿಡಲಿಲ್ಲ. ಬರುವ ವರ್ಷ ಕೊನೆಯ ಕ್ಷೇತ್ರಕಾರ್ಯವಿದೆಯಂತೆ. ಅದನ್ನು ಮಾತ್ರ ಪರದೆಯಲ್ಲಿ ಮಾಡುವಂತಿಲ್ಲ, ಮನುಷ್ಯರ ನಡುವೆಯೇ ಮಾಡಬೇಕು.

ನಾನು ಆ ಸಂಜೆ ಅಮ್ಮನನ್ನು ಕೇಳಿದೆ: “ಅಮ್ಮಾ, ನೀವು ಒಡಹುಟ್ಟಿದವರು ಎಷ್ಟು ಜನ?” ಆಕೆ ರೂಢಿಯಂತೆ “ಐವರು” ಎಂದು, ಹೂಬತ್ತಿ ಹೊಸೆಯುತ್ತಿದ್ದ ಕೈಯನ್ನು ನಿಲ್ಲಿಸಿದಳು. ಆಮೇಲೆ ಒಂದು ಹೆಸರು ಹೇಳಿದಳು. ನನ್ನ ಚಿಕ್ಕಮಾವನಿಗೆ ಒಂದು ಹೆಸರಿತ್ತೆಂಬುದು ಈ ವಯಸ್ಸಿನಲ್ಲಿ ನನಗೆ ಗೊತ್ತಾಯಿತು.