ಡಿಚೋಲಿಯ ಬಿಷಪ್, ಬಸವಣ್ಣನ ಕರುಗಳು

1510ರ ನವೆಂಬರ್ 25ರಂದು ಪೋರ್ಚುಗೀಸರ ಅಫೊನ್ಸೊ ಅಲ್ಬುಕರ್ಕ್ ವಿಜಯಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡ. ಊರೊಳಗಿನ ಮುಸ್ಲಿಮರನ್ನು ನಾಲ್ಕು ದಿನ ಹುಡುಕಿ ಹುಡುಕಿ ಕೊಲ್ಲಿಸಿದ್ದನ್ನು ತಾನೇ ತನ್ನ ದೊರೆಗೆ ಪತ್ರ ಬರೆದು ತಿಳಿಸಿದ. ವೈರಿಯನ್ನೂ ಪ್ರೀತಿಸಬೇಕೆಂದು ಬೋಧಿಸಿದ ಯೇಸುವಿನ ಹೆಸರು ಹೇಳುತ್ತಲೇ ಬಂದವನು ಆತ.

ಒಂದೂಕಾಲು ಶತಮಾನ ಕಳೆಯುವಷ್ಟರಲ್ಲಿ ಪಾತ್ರಗಳು ಅದಲುಬದಲಾದವು. ಗೋವೆಯ ದಿವಾರ್ ದ್ವೀಪದ, ಬ್ರಾಹ್ಮಣ ಮೂಲದ ಮಾತೆಯುಸ್ ಕಾಸ್ತ್ರೊಗೆ ಪೋರ್ಚುಗೀಸ್ ಆರ್ಚ್‌ಬಿಷಪ್ ಗುರುದೀಕ್ಷೆ ಕೊಡಲು ಒಪ್ಪಲಿಲ್ಲ, ದೇಶೀಯನೆಂಬುದೇ ಅಡ್ಡಿ. ಆತ ರೋಮಿಗೆ ಹೋಗಿ ದೀಕ್ಷೆ ಪಡೆದ. 1637ರಲ್ಲಿ ಬಿಷಪ್ ಆದ. ಆದಿಲಶಾಹಿ ಸೀಮೆಯ ಕ್ರೈಸ್ತರ ಹೊಣೆ ಹೊತ್ತು ಮರಳಿದಾಗ ಗೋವೆಯ ಚರ್ಚಿನ ಅಧಿಕಾರಿಗಳು ಆತನನ್ನು ಬಿಷಪ್ ಎಂದು ಒಪ್ಪಲಿಲ್ಲ. ನೆಲೆ ಸಿಕ್ಕಿದ್ದು ಡಿಚೋಲಿಯಲ್ಲಿ. ಅದು ಆಗ ವಿಜಯಪುರದ ಆಳ್ವಿಕೆಗೆ ಸೇರಿತ್ತು. ಗದ್ದುಗೆಯ ಮೇಲಿದ್ದವನು ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲಶಾಹ. ಕ್ರೈಸ್ತ ಬಿಷಪ್ಪನಿಗೆ ಕ್ರೈಸ್ತರು ಮುಚ್ಚಿದ ಬಾಗಿಲು ಮುಸ್ಲಿಂ ದೊರೆಯ ನಾಡಿನಲ್ಲಿ ತೆರೆದಿತ್ತು. ಕಾಸ್ತ್ರೊ ಮಾತ್ರ ತನ್ನನ್ನು ಹೀಗಳೆದವರ ಮೇಲಿನ ಸಿಟ್ಟು ಬಿಡಲಿಲ್ಲ. ಗೋವೆಯ ಮೇಲೆ ಏರಿಹೋಗಲು ವಿಜಯಪುರಕ್ಕೆ ಕುಮ್ಮಕ್ಕು ಕೊಟ್ಟನೆಂಬ ಆರೋಪ ಆತನಿಗೆ ಕೊನೆಯವರೆಗೂ ಅಂಟಿಕೊಂಡಿತು.

ಬೈಬಲ್ಲಿನಲ್ಲಿ ಇದಕ್ಕೆ ತೀರಾ ಬೇರೆಯಾದ ಕತೆಯೊಂದಿದೆ. ಅರಾಮ್ ದೇಶದ ಸೈನ್ಯ ಸಮಾರ್ಯದೊಳಗೆ ಸಿಕ್ಕಿಬೀಳುತ್ತದೆ. ಕೊಲ್ಲಲೇ ಎಂದು ಇಸ್ರಾಯೇಲಿನ ಅರಸ ಆತುರಪಡುತ್ತಾನೆ. ಪ್ರವಾದಿ ಎಲೀಷ ಉಣ್ಣಲು ಬಡಿಸಲು ಹೇಳುತ್ತಾನೆ. ದೊಡ್ಡ ಔತಣ ಮುಗಿಸಿ ಊರಿಗೆ ಹೋದ ಆ ದಂಡು ಮತ್ತೆ ಸುಲಿಗೆಗೆ ಬರುವುದಿಲ್ಲ. ಹಸಿದ ವೈರಿಗೆ ಅನ್ನ ಕೊಡಿ ಎಂದು ಸಂತ ಪೌಲ ರೋಮಿನ ಸಭೆಗೆ ಬರೆದದ್ದೂ ಇದೇ ಜಾಡಿನಲ್ಲಿ.

ವಿಜಯಪುರ ಜಿಲ್ಲೆಯವರಿಗೆ ಈ ಕತೆ ಹೊಸದೆನಿಸದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಒರಲಿಯಾವೆಂದು ಅವನ್ನೂ ಕಳ್ಳರ ಹಿಂದೆಯೇ ಕಳಿಸಿದರೆಂದು ಇಲ್ಲಿನ ಜನ ಹೇಳುತ್ತಾರೆ. ಹಾಗಾದರೆ ಕ್ರೈಸ್ತರು ವೈರಿಗೆ ತೋರುವ ದಯೆಯನ್ನು ಸಾಕ್ಷಿ ಎಂದು ಕರೆಯುವುದೇಕೆ? ಮನುಷ್ಯರು ಇನ್ನೂ ಹಗೆಗಳಾಗಿದ್ದಾಗಲೇ ದೇವರು ಅವರನ್ನು ಪ್ರೀತಿಸಿದ ಎಂಬುದು ಅವರ ನಂಬಿಕೆ. ಮಾಡುವ ಕೆಲಸ ಅದನ್ನು ತೋರಿಸಬೇಕು. ತೊಡಕು ಇರುವುದೂ ಇಲ್ಲೇ. ಮತಕ್ಕೆ ಸೆಳೆಯಲು ಮಾಡಿದ ಉಪಕಾರ ಗಾಳಕ್ಕೆ ಸಿಕ್ಕಿಸಿದ ಎರೆಯಾಗುತ್ತದೆ, ಸಾಕ್ಷಿಯಾಗುವುದಿಲ್ಲ.

ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯ ಒಂದು ರಾತ್ರಿ, ಜೀಪಿನಲ್ಲಿ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋತಿಯನ್ನು ಗುಂಪೊಂದು ಸುಟ್ಟು ಕೊಂದಿತು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಾತಿಗಿಂತ ಹೆಚ್ಚು ತೂಕದ್ದು ಮುಂದಿನ ನಡೆ: ಆಸ್ಟ್ರೇಲಿಯಾಕ್ಕೆ ತಕ್ಷಣ ಮರಳದೆ, ಮಗಳೊಂದಿಗೆ ಬಾರಿಪದದಲ್ಲೇ ಉಳಿದು, ಕುಷ್ಠರೋಗಿಗಳ ಆಶ್ರಮವನ್ನು ವರ್ಷಗಟ್ಟಲೆ ನಡೆಸಿದರು. 2005ರಲ್ಲಿ ಪದ್ಮಶ್ರೀ ಬಂತು. ಅವರ ಕ್ಷಮೆ ಕಾನೂನಿಗೆ ಅಡ್ಡ ಬರಲಿಲ್ಲ. ಪ್ರಮುಖ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ವೈರಿಗೆ ದಯೆ ತೋರಿದರೆ ಅನ್ಯಾಯವನ್ನು ಒಪ್ಪಿಕೊಂಡಂತೆ ಎನ್ನುವವರಿಗೆ ಅಲ್ಲೇ ಉತ್ತರವಿದೆ.

ತಿಕೋಟಾದ ದ್ರಾಕ್ಷಿ ಪಡಗಳಲ್ಲಿ, ಬಬಲೇಶ್ವರದ ಹೊಲಗಳಲ್ಲಿ ಹಗೆ ಇಷ್ಟು ಘೋರವಾಗಿ ಬರುವುದು ಅಪರೂಪ. ಅಲ್ಲಿ ಅದು ಬದುವಿಗಾಗಿ, ಬಂಡಿದಾರಿಗಾಗಿ, ನೀರಿಗಾಗಿ ಹುಟ್ಟುತ್ತದೆ. ಎಷ್ಟೋ ಸಲ ಒಡಹುಟ್ಟಿದವರ ನಡುವೆಯೇ. ಒಣದ್ರಾಕ್ಷಿ ಶೆಡ್ಡಿನಲ್ಲಿ ಮಾಲು ಹರಡಿರುವಾಗ ಅಕಾಲದ ಮಳೆ ಬಂತೆನ್ನಿ. ಮಾತು ಬಿಟ್ಟ ನೆರೆಯವನ ಶೆಡ್ಡಿಗೆ ಓಡಿಹೋಗಿ ತಾಡಪತ್ರಿಯ ಇನ್ನೊಂದು ತುದಿ ಹಿಡಿಯುವುದು ಕ್ರೈಸ್ತನ ಪಾಲಿನ ಕೆಲಸ. ಮರುದಿನ ವಿಜಯಪುರದ ಕೋರ್ಟಿನಲ್ಲಿ ಅವರಿಬ್ಬರ ತಾರೀಕು ಇದ್ದರೆ ಇಬ್ಬರೂ ಹೋಗಲಿ, ಬದುವಿನ ತಕರಾರು ಅಲ್ಲೇ ಇತ್ಯರ್ಥವಾಗಲಿ. ತಾಡಪತ್ರಿಯ ಉಪಕಾರವನ್ನು ಮಾತ್ರ ಅಲ್ಲಿ ಎತ್ತಿ ಆಡುವಂತಿಲ್ಲ. ಅದಕ್ಕೆ ಬದಲಾಗಿ ಭಾನುವಾರ ಚರ್ಚಿಗೆ ಬಾ ಎಂದು ಕೇಳುವಂತೆಯೂ ಇಲ್ಲ.