ಹೊಳಪಿನ ಋಣ

ಮೆಕ್ಸಿಕೋದ ಕುಂಬಾರರು ‘ಗ್ರೇಟಾ’ ಎಂಬ ಸೀಸದ ಆಕ್ಸೈಡ್ ಬಳಿದು ಸುಟ್ಟ ಮಡಕೆ ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಟೊಮೆಟೊ ಕುದಿದರೆ, ನಿಂಬೆಹುಳಿ ನಿಂತರೆ ಸೀಸ ಸಾರಿನೊಳಗೆ ಇಳಿಯುತ್ತದೆ. ಅರಿಯದೆ ಉಣಿಸಿದ ವಿಷ ಪಾಪವೇ? ಅರಿಯುವವರೆಗೆ ಅಲ್ಲವೆನ್ನೋಣ, ಅರಿತ ಮೇಲೆ ಸುಮ್ಮನಿರುವುದೂ ಕರ್ಮವೇ. ‘ಇದು ಪರಂಪರೆ’ ಎಂಬ ವಾದ ನಿಲ್ಲದು: ಈ ಮೆರುಗು ಅಲ್ಲಿಗೆ ಬಂದದ್ದೇ 16ನೇ ಶತಮಾನದಲ್ಲಿ, ಸ್ಪೇನಿನವರೊಂದಿಗೆ. ಅದಕ್ಕೂ ಮುಂಚೆ ಹಸಿ ಮಡಕೆಯನ್ನು ನುಣುಪುಗಲ್ಲಿನಿಂದ ಉಜ್ಜಿಯೇ ಹೊಳಪು ಬರಿಸುತ್ತಿದ್ದರು. ‘ತಲೆಮಾರುಗಳು ಉಂಡರೂ ಏನೂ ಆಗಲಿಲ್ಲ’ ಎನ್ನುವುದೂ ಸಲ್ಲದು. ಸೀಸ ಸದ್ದಿಲ್ಲದೆ ಮಕ್ಕಳ ಬುದ್ಧಿ ಕುಗ್ಗಿಸುತ್ತದೆ, ಮೊದಲು ಕುಂಬಾರನ ಮಕ್ಕಳದ್ದನ್ನೇ. ಗಟ್ಟಿ ಆಕ್ಷೇಪ ಬಡತನದ್ದು: ಬೋರಾನ್ ಬೆರೆತ ಸೀಸರಹಿತ ಮೆರುಗಿಗೆ ಹೆಚ್ಚಿನ, ಸಮನಾದ ಕಾವು ಬೇಕು, ಸೌದೆಯ ಆವಿಗೆಯಲ್ಲಿ ಅದು ಸಿಗದಿದ್ದರೆ ಮಡಕೆ ಮಂಕು, ಕೊಳ್ಳುವವರಿಲ್ಲ. ಹೊಳಪಿಗಾಗಿಯೇ ಚೌಕಾಸಿ ಮಾಡುವ ಕೈಗೂ ಪಾಪದಲ್ಲಿ ಪಾಲಿದೆ. ಆವಿಗೆ ಸರಿಪಡಿಸುವ ಖರ್ಚಿನಲ್ಲಿ ಆ ಕೈಯೂ ಪಾಲು ಕೊಡಬೇಕು.