ಕರಗುವ ಸ್ವರ, ಕಾಯುವ ಕಿವಿ

ಪಿಯಾನೋದ ಒಂದು ಕೀ ಒತ್ತಿದಾಗ, ಒಳಗೆ ಉಣ್ಣೆಯ ಮೆತ್ತೆ ಹೊದ್ದ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿದು ಆ ಕ್ಷಣವೇ ಹಿಂದೆ ಸರಿಯುತ್ತದೆ. ಹುಟ್ಟಿದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ವೀಣೆಯ ತಂತಿ ಎಳೆದು ಗಮಕ ಹೊಮ್ಮಿಸುವಂತೆ ಅದನ್ನು ಬಾಗಿಸಲು, ಬೆಳೆಸಲು ಬರುವುದಿಲ್ಲ. ಕೀಯನ್ನು ಒತ್ತಿ ಹಿಡಿದೋ ಪೆಡಲ್ ತುಳಿದೋ ಅದರ ಆಯುಷ್ಯವನ್ನು ತುಸು ಉಳಿಸಿಕೊಳ್ಳಬಹುದು, ಅಷ್ಟೆ. ಇಂಥ 88 ಕೀಗಳ ವಾದ್ಯದಿಂದ ಮನುಷ್ಯರು ಹಾಡು ಹೊರಡಿಸುತ್ತಾರಲ್ಲ, ಅದು ನನಗೆ ಎಂದಿಗೂ ಮುಗಿಯದ ಬೆರಗು. ಆ ಬೆರಗಿಗೊಂದು ಹೆಸರು ಹೇಳು ಎಂದರೆ ಪಿಯಾನೋ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ ಎನ್ನುತ್ತೇನೆ.

ಆಸ್ಟ್ರಿಯಾದ ಸಂಯೋಜಕ ಶೂಬರ್ಟನ ಕೊನೆಯ ಪಿಯಾನೋ ಸೊನಾಟಾ, ಅಂದರೆ ಹಲವು ಭಾಗಗಳ ಕೃತಿ, ಬಿ-ಫ್ಲ್ಯಾಟ್ ಮೇಜರಿನದು. 1828ರ ಸೆಪ್ಟೆಂಬರಿನಲ್ಲಿ ಅದನ್ನು ಮುಗಿಸಿದ ಆತ ನವೆಂಬರಿನಲ್ಲಿ ತೀರಿಕೊಂಡ, ವಯಸ್ಸು 31. ಮೊದಲ ಭಾಗ ಮೆಲುದನಿಯಲ್ಲಿ, ಪ್ರಾರ್ಥನೆಯ ನಡೆಯಲ್ಲಿ ಶುರುವಾಗುತ್ತದೆ. ತುಸು ಹೊತ್ತಿಗೆ ಎಡಗೈ ಮಂದ್ರದ ಆಳಕ್ಕಿಳಿದು, ಪಕ್ಕಪಕ್ಕದ ಎರಡು ಸ್ವರಗಳನ್ನು ಕೇಳಿಸಿತೋ ಇಲ್ಲವೋ ಎಂಬಷ್ಟು ಮೆತ್ತಗೆ ನಡುಗಿಸುತ್ತದೆ. ಆಮೇಲೆ ಮೌನ. ಅನಂತರ ಮೊದಲಿನ ಹಾಡೇ ಏನೂ ಆಗದ ಹಾಗೆ ಮುಂದುವರಿಯುತ್ತದೆ. ಹಲವು ಪಿಯಾನೋ ವಾದಕರು ಈ ಭಾಗವನ್ನು 20 ನಿಮಿಷದೊಳಗೆ ಮುಗಿಸುತ್ತಾರೆ. ರಿಕ್ಟರ್ ಸುಮಾರು 24 ನಿಮಿಷ ತೆಗೆದುಕೊಳ್ಳುತ್ತಾರೆ.

ಆ ನಿಧಾನದಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ದೊಡ್ಡ ತೆರಪು ಬೀಳುತ್ತದೆ, ಆದರೂ ಎಳೆ ಕಡಿಯುವುದಿಲ್ಲ. ಕರಗುತ್ತಿರುವ ಸ್ವರ ಎಷ್ಟು ಉಳಿದಿದೆ ಎಂದು ಆಲಿಸಿ, ಆ ಉಳಿದ ದನಿಯ ಮಟ್ಟಕ್ಕೇ ಮುಂದಿನ ಸ್ವರವನ್ನು ತಂದಿಡಬೇಕು. ತುಸು ಜೋರಾದರೆ ಅದು ಹೊಸ ಮಾತಾಗಿಬಿಡುತ್ತದೆ. ತುಸು ಮೆತ್ತಗಾದರೆ ಕೇಳಿಸುವುದೇ ಇಲ್ಲ. ಅಂದರೆ ಬೆರಳಿಗಿಂತ ಮೊದಲು ದುಡಿಯುವುದು ಕಿವಿ. ಕೆನಡಾದ ಮಹಾನ್ ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1957ರಲ್ಲಿ ಮಾಸ್ಕೋಗೆ ಹೋದಾಗ ರಿಕ್ಟರ್ ನುಡಿಸಿದ ಇದೇ ಸೊನಾಟಾ ಕೇಳಿದರು. ಗೌಲ್ಡ್‌ಗೆ ಶೂಬರ್ಟ್ ಎಂದರೆ ಅಷ್ಟಕ್ಕಷ್ಟೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಅವನ ರೀತಿ ಹಿಡಿಸುತ್ತಿರಲಿಲ್ಲ. ಅಂದು ಅಷ್ಟು ನಿಧಾನದ ಆರಂಭ ಕೇಳಿ ಚಡಪಡಿಸಿದವರು, ಕೊನೆಯವರೆಗೂ ಮಂತ್ರಮುಗ್ಧರಾಗಿ ಕುಳಿತದ್ದನ್ನು ಮುಂದೆ ತಾವೇ ನೆನೆದರು.

ಈ ಕಿವಿ ಎಲ್ಲಿಂದ ಬಂತು? ರಿಕ್ಟರ್ 1915ರಲ್ಲಿ ಉಕ್ರೇನಿನ ಝಿಟೊಮಿರ್‌ನಲ್ಲಿ ಹುಟ್ಟಿ ಒಡೆಸ್ಸಾದಲ್ಲಿ ಬೆಳೆದವರು. ತಂದೆ ಜರ್ಮನ್ ಮೂಲದ ಆರ್ಗನ್ ವಾದಕ. ಮಗ ಕ್ರಮಬದ್ಧ ಪಾಠ ಕಲಿತದ್ದು ಕಡಿಮೆ, ಅಪೆರಾಗಳ ಸ್ವರಲಿಪಿ ಮುಂದಿಟ್ಟುಕೊಂಡು ತಾನೇ ನುಡಿಸಿ ಕಲಿತದ್ದು ಹೆಚ್ಚು. ಹದಿಹರೆಯದಲ್ಲೇ ಒಡೆಸ್ಸಾ ಅಪೆರಾದಲ್ಲಿ ಗಾಯಕರ ತಾಲೀಮಿಗೆ ಪಿಯಾನೋ ನುಡಿಸುವ ಕೆಲಸ ಸಿಕ್ಕಿತು. 22ರ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಹೈನ್‌ರಿಖ್ ನ್ಯೂಹೌಸ್ ಅವರ ಮುಂದೆ ಕುಳಿತರು. ಆ ಹಿರಿಯ ಗುರು ಈ ಶಿಷ್ಯನಿಗೆ ಕಲಿಸಲು ತಮ್ಮಲ್ಲಿ ಹೆಚ್ಚೇನೂ ಇಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. 1943ರಲ್ಲಿ ಸಂಯೋಜಕ ಪ್ರೊಕೊಫಿಯೆವ್ ಅವರ ಏಳನೆಯ ಸೊನಾಟಾವನ್ನು ರಿಕ್ಟರ್ ನಾಲ್ಕೇ ದಿನದಲ್ಲಿ ಕಲಿತು ಮೊದಲ ಬಾರಿಗೆ ಸಭೆಯಲ್ಲಿ ನುಡಿಸಿದರು.

ಅಷ್ಟರಲ್ಲಿ ಮನೆಯೇ ಮುರಿದಿತ್ತು. 1941ರಲ್ಲಿ, ಜರ್ಮನಿ ಮತ್ತು ಅದರ ಮಿತ್ರರ ಸೇನೆ ಒಡೆಸ್ಸಾವನ್ನು ಮುತ್ತಿದ್ದಾಗ, ಗೂಢಚಾರನೆಂಬ ಆರೋಪ ಹೊರಿಸಿ ಸೋವಿಯತ್ ಅಧಿಕಾರಿಗಳು ತಂದೆಯನ್ನು ಗುಂಡಿಕ್ಕಿ ಕೊಂದರು. ತಾಯಿ ಜರ್ಮನಿ ಸೇರಿದರು. ತಾಯಿ ಮಗ ಮತ್ತೆ ಮುಖ ನೋಡಿದ್ದು 1960ರಲ್ಲಿ, ರಿಕ್ಟರ್ ಮೊದಲ ಸಲ ಅಮೆರಿಕಕ್ಕೆ ಹೋದಾಗ. ಈ ನೋವಿನಿಂದಲೇ ಆ ನಿಧಾನ ಹುಟ್ಟಿತು ಎಂದುಬಿಡುವುದು ಸುಲಭ. ನನ್ನ ಮನಸ್ಸು ಒಪ್ಪುವುದಿಲ್ಲ. ಆ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡವರು ಲೆಕ್ಕವಿಲ್ಲದಷ್ಟು ಮಂದಿ. ಶೂಬರ್ಟನನ್ನು ಹೀಗೆ ನುಡಿಸಿದವರು ಇವರೊಬ್ಬರೇ. ಬದುಕಿನ ಕಥೆ ನಮ್ಮನ್ನು ಸಂಗೀತದ ಬಾಗಿಲವರೆಗೆ ಕರೆತರುತ್ತದೆ, ಒಳಗೆ ನಾವೇ ಹೋಗಬೇಕು.

ರಿಕ್ಟರ್ ಕೂಡ ತಮ್ಮ ಕಥೆಯನ್ನು ಕೇಳುಗರ ಕಣ್ಣಿಂದ ಮರೆ ಮಾಡಲು ಹೆಣಗಿದವರೇ. ಕೊನೆಯ ವರ್ಷಗಳಲ್ಲಿ ಸಭಾಂಗಣವನ್ನು ಪೂರ್ತಿ ಕತ್ತಲೆ ಮಾಡಿಸಿ, ಸ್ವರಲಿಪಿಯ ಮೇಲೆ ಮಾತ್ರ ಬೀಳುವ ಒಂದು ಸಣ್ಣ ದೀಪವಿಟ್ಟುಕೊಂಡು ನುಡಿಸುತ್ತಿದ್ದರು. ವಾದಕನ ಮುಖದಲ್ಲೂ ಬೆರಳುಗಳಲ್ಲೂ ಕಾಣುವುದು ಅವನು ಪಡುವ ಶ್ರಮ ಮಾತ್ರ, ಅದನ್ನು ನೋಡುತ್ತ ಕುಳಿತರೆ ಸಂಗೀತ ತಪ್ಪಿಹೋಗುತ್ತದೆ ಎಂಬುದು ಅವರ ನಿಲುವು. ಸಂಯೋಜಕ ಬರೆದದ್ದನ್ನು ಇದ್ದಂತೆ ಮುಟ್ಟಿಸುವುದಷ್ಟೇ ತನ್ನ ಕೆಲಸ ಎಂದು ನಂಬಿದ್ದರು. ಸ್ವರಲಿಪಿ ನೋಡಿ ನುಡಿಸುವುದಕ್ಕೆ ಇನ್ನೊಂದು ಕಾರಣವೂ ಇತ್ತು. ವಯಸ್ಸಾದಂತೆ ಅವರ ಶ್ರುತಿಜ್ಞಾನ ಜರುಗಿತು. ನುಡಿಸಿದ್ದಕ್ಕಿಂತ ಮೇಲಿನ ಸ್ವರ ಕಿವಿಗೆ ಕೇಳತೊಡಗಿತು. ಕಿವಿಯನ್ನೇ ನಂಬಿ ಬಾಳಿದ ಮನುಷ್ಯನಿಗೆ ಕಿವಿಯೇ ಸುಳ್ಳು ಹೇಳತೊಡಗಿದರೆ ಆಗುವ ಸಂಕಟವನ್ನು ಊಹಿಸಿದರೆ ಎದೆ ಭಾರವಾಗುತ್ತದೆ. ಅವರು ನುಡಿಸುವುದನ್ನು ನಿಲ್ಲಿಸಲಿಲ್ಲ.

ನಿಲ್ಲಿಸದಿದ್ದುದಷ್ಟೇ ಅಲ್ಲ, 1986ರಲ್ಲಿ, 71ರ ವಯಸ್ಸಿನಲ್ಲಿ, ಪಿಯಾನೋ ಜೊತೆಗಿಟ್ಟುಕೊಂಡು ಸೈಬೀರಿಯಾದ ಉದ್ದಗಲ ಆರು ತಿಂಗಳು ಸುತ್ತಿದರು. ಸುಮಾರು 150 ಕಛೇರಿಗಳು. ಕೆಲವು ಊರುಗಳಲ್ಲಿ ಸಭಾಂಗಣವೇ ಇರಲಿಲ್ಲ. ಅದಕ್ಕೂ ಎಷ್ಟೋ ಮೊದಲು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಅವರಿಗಾಗಿ ತುಂಬಿ ತುಳುಕಿತ್ತು. ಆದರೂ ಫ್ರಾನ್ಸಿನ ತೂರ್ ಪಟ್ಟಣದ ಹತ್ತಿರ ತಮ್ಮದೇ ಸಂಗೀತೋತ್ಸವ ಆರಂಭಿಸಲು 1964ರಲ್ಲಿ ಅವರು ಆರಿಸಿಕೊಂಡದ್ದು 13ನೇ ಶತಮಾನದ ಒಂದು ಕಣಜವನ್ನು. 1997ರ ಆಗಸ್ಟ್ 1ರಂದು ಮಾಸ್ಕೋದಲ್ಲಿ ತೀರಿಕೊಂಡರು.

ಈ ಬಾಳನ್ನು ಯೋಚಿಸುವಾಗಲೆಲ್ಲ ನನಗೆ ಒಂದು ಮಾತು ಖಚಿತವಾಗುತ್ತದೆ. ಕಲಾವಿದನ ಕೈಚಳಕ ಕಂಡು ನಮಗಾಗುವುದು ಸೋಜಿಗ; ಅದು ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ಕಲಾವಿದ ಪಕ್ಕಕ್ಕೆ ಸರಿದು ನಿಂತಾಗ ಎದುರಾಗುವ ಬೆರಗು ಬೇರೆಯದೇ, ಅದು ಒಳಗೇ ಉಳಿದು ಬೆಳೆಯುತ್ತದೆ. ಈಗ ಸಂಗೀತವನ್ನೂ ನಾವು ಮೊಬೈಲಿನ ಪರದೆಯಲ್ಲಿ ನೋಡುತ್ತೇವೆ. ಅರ್ಧ ನಿಮಿಷಕ್ಕೆ ಬೆರಳು ಮುಂದಿನದಕ್ಕೆ ಜಾರುತ್ತದೆ. ರಿಕ್ಟರ್ ನುಡಿಸಿದ ಆ ಶೂಬರ್ಟ್ ಸೊನಾಟಾದ ಧ್ವನಿಮುದ್ರಿಕೆ ಇಂದು ಯಾರಿಗೂ ಸುಲಭವಾಗಿ ಸಿಗುತ್ತದೆ. ಪಾಶ್ಚಾತ್ಯ ಸಂಗೀತದ ಪರಿಚಯವೇ ಬೇಕೆಂದಿಲ್ಲ, ಬೇಕಾದದ್ದು ವ್ಯವಧಾನ. ಮೊದಲ ಭಾಗವನ್ನಾದರೂ ನಡುವೆ ಏಳದೆ, ಇನ್ನೇನೂ ಮಾಡದೆ, ಒಮ್ಮೆ ಪೂರ್ತಿ ಕೇಳಿ.